ಸಹಾಯಕ ಲೋಕೋ ಪೈಲಟ್ ಹುದ್ದೆಗೆ ತಯಾರಿ: ಪುಸ್ತಕಕ್ಕಿಂತ ಮೊದಲು ಕಣ್ಣು ಮತ್ತು ಕಾಗದ

ರೈಲ್ವೆ ಅಧಿಸೂಚನೆ ಹೊರಬಿದ್ದಾಗಲೆಲ್ಲ ಅರ್ಜಿ ತುಂಬಿಸಿಕೊಳ್ಳಲು ನನ್ನ ಬಳಿಗೆ ಹತ್ತಾರು ಜನ ಬರುತ್ತಾರೆ. ಎರಡು ವರ್ಷ ಬಿಟ್ಟು ಅವರಲ್ಲೇ ಕೆಲವರು ಸಪ್ಪೆ ಮುಖ ಹೊತ್ತು ಮತ್ತೆ ಬರುತ್ತಾರೆ. ಗಣಿತದಲ್ಲಿ ಬಿದ್ದವರ ಬಗ್ಗೆ ನನಗೆ ಅಷ್ಟು ಬೇಸರವಿಲ್ಲ, ಅವರು ಮತ್ತೆ ಓದಿ ಬರೆಯಬಹುದು. ಮೂರು ಪರೀಕ್ಷೆ ಗೆದ್ದು ಕಣ್ಣಿನ ತಪಾಸಣೆಯಲ್ಲಿ ಹೊರಬಿದ್ದವರು, ಪಟ್ಟಿಯಲ್ಲೇ ಇಲ್ಲದ ಟ್ರೇಡ್ ಓದಿ ಅರ್ಜಿ ಹಾಕಿದವರು, ಜಾತಿ ಪ್ರಮಾಣಪತ್ರವನ್ನು ತಪ್ಪು ನಮೂನೆಯಲ್ಲಿ ತಂದವರು ಮಾತ್ರ ಕಳೆದುಕೊಂಡ ವರ್ಷಗಳನ್ನು ಮರಳಿ ಪಡೆಯಲಾರರು.

ಆದ್ದರಿಂದ ಇಲ್ಲಿ ಕ್ರಮವನ್ನು ತಿರುವಿ ಹಾಕಿದ್ದೇನೆ. ರೈಲ್ವೆ ಕೊನೆಯಲ್ಲಿ ನೋಡುವುದನ್ನು ನೀವು ಮೊದಲು ನೋಡಿಕೊಳ್ಳಿ. ಉದಾಹರಣೆಗೆ ತೆಗೆದುಕೊಂಡಿರುವುದು ರೈಲು ಎಂಜಿನ್ ಚಾಲಕರಿಗೆ ನೆರವಾಗುವ ಸಹಾಯಕ ಲೋಕೋ ಪೈಲಟ್, ಅಂದರೆ ಎಎಲ್‌ಪಿ ಹುದ್ದೆ. ಜನ ಹೆಚ್ಚು ಎಡವುವುದು ಇಲ್ಲಿಯೇ. ವೇತನ ಶ್ರೇಣಿ ಹಂತ 2, ಆರಂಭದ ಮೂಲ ವೇತನ 19,900 ರೂಪಾಯಿ. ಅದರ ಮೇಲೆ ಓಡಿಸಿದ ಕಿಲೋಮೀಟರ್ ಲೆಕ್ಕದ ಭತ್ಯೆ ಸೇರುತ್ತದೆ. 2024ರಲ್ಲಿ 5,696 ಎಂದು ಪ್ರಕಟವಾದ ಹುದ್ದೆಗಳು ನಂತರ 18,799ಕ್ಕೆ ಏರಿದವು. 2025ರ ಅಧಿಸೂಚನೆಯಲ್ಲಿ 9,970 ಇದ್ದವು.

ಹಂತ 1: ಕಣ್ಣಿನ ವೈದ್ಯರ ಬಳಿಗೆ ಹೋಗಿ

ಪುಸ್ತಕ ಕೊಳ್ಳುವ ಮೊದಲು, ಕೋಚಿಂಗ್‌ಗೆ ಹಣ ಕಟ್ಟುವ ಮೊದಲು, ಸಾಧ್ಯವಾದರೆ ಐಟಿಐ ಸೇರುವ ಮೊದಲೇ ಈ ಕೆಲಸ ಮುಗಿಸಿ. ಎಎಲ್‌ಪಿಗೆ ಬೇಕಾದ ವೈದ್ಯಕೀಯ ದರ್ಜೆ ಎ-1. ರೈಲ್ವೆಯಲ್ಲಿ ಇದಕ್ಕಿಂತ ಕಟ್ಟುನಿಟ್ಟಾದ ದರ್ಜೆ ಇಲ್ಲ.

"ನನಗೆ ಕನ್ನಡಕ ಬೇಕೇ?" ಎಂದಷ್ಟೇ ವೈದ್ಯರನ್ನು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ರೈಲ್ವೆಯ ಎ-1 ದರ್ಜೆಗೆ ಪರೀಕ್ಷಿಸಿ ಎಂದು ಹೇಳಿ, ಈ ನಾಲ್ಕನ್ನೂ ಕೇಳಿ ಮಾಡಿಸಿ:

1. ದೂರದ ದೃಷ್ಟಿ: ಕನ್ನಡಕವಿಲ್ಲದೆ ಎರಡೂ ಕಣ್ಣುಗಳಲ್ಲಿ 6/6. ಒಂದು ಕಣ್ಣು 6/9 ಇದ್ದರೂ ಆಗದು.
2. ಫಾಗಿಂಗ್ ಪರೀಕ್ಷೆ: +2 ಶಕ್ತಿಯ ಮಸೂರ ಇಟ್ಟು ನೋಡುವುದು.
3. ಬಣ್ಣ ಗುರುತಿಸುವ ಪರೀಕ್ಷೆ: ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಇಶಿಹಾರ ಪುಟಗಳು.
4. ಎರಡೂ ಕಣ್ಣುಗಳ ಜೋಡಿ ದೃಷ್ಟಿ ಮತ್ತು ಮಂದ ಬೆಳಕಿನ ದೃಷ್ಟಿ.

ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದರಲ್ಲಿ ಬಿದ್ದವರಿಗೆ ತಾವು ಬಿದ್ದದ್ದೇ ಗೊತ್ತಾಗುವುದಿಲ್ಲ. ಡಿಪ್ಲೊಮಾ ಓದಿದ ಹುಡುಗನೊಬ್ಬ ಗೋಡೆಯ ಚಾರ್ಟಿನ ಕೊನೆಯ ಸಾಲನ್ನು ಪಟಪಟನೆ ಓದಿದ. ವೈದ್ಯರು +2 ಮಸೂರ ಇಟ್ಟು ಮತ್ತೆ ಓದಿಸಿದರು. ಆಗಲೂ ಓದಿದ. ಹೊರಗೆ ಬಂದವನು "ಎರಡು ಸಲವೂ ಸರಿಯಾಗಿ ಹೇಳಿದೆ ಸರ್" ಎಂದು ನಕ್ಕ. ಅವನು ಹೊರಬಿದ್ದದ್ದು ಆ ಎರಡನೆಯ ಸಲದಲ್ಲಿ. ಸರಿಯಾದ ಕಣ್ಣಿಗೆ ಆ ಮಸೂರ ಇಟ್ಟರೆ ಅಕ್ಷರಗಳು ಮಂಜಾಗಬೇಕು. ಆಗಲೂ ಸ್ಪಷ್ಟವಾಗಿ ಕಂಡರೆ ಒಳಗೆ ದೃಷ್ಟಿದೋಷ ಅಡಗಿದೆ, ಹರೆಯದ ಕಣ್ಣಿನ ಸ್ನಾಯುಗಳು ಅದನ್ನು ಸರಿದೂಗಿಸುತ್ತಿವೆ ಎಂದು ಅರ್ಥ. ವಯಸ್ಸಾದಂತೆ ಆ ಶಕ್ತಿ ಕುಗ್ಗುತ್ತದೆ. ರೈಲ್ವೆ ನೋಡುವುದು ಮುಂದಿನ ಮೂವತ್ತು ವರ್ಷಗಳ ಕಣ್ಣನ್ನು.

ಸಾಮಾನ್ಯ ತಪ್ಪು: "ಲೇಸಿಕ್ ಮಾಡಿಸಿಕೊಂಡರೆ ಆಯಿತು" ಎಂಬ ಸಲಹೆ. ದೃಷ್ಟಿ ತಿದ್ದುವ ಲೇಸಿಕ್ ಶಸ್ತ್ರಚಿಕಿತ್ಸೆ ಆದವರನ್ನು ಎಎಲ್‌ಪಿಗೆ ತೆಗೆದುಕೊಳ್ಳುವುದಿಲ್ಲ. ಸಾವಿರಾರು ರೂಪಾಯಿ ಸುರಿದು ಇದ್ದ ಬಾಗಿಲನ್ನೂ ಮುಚ್ಚಿಕೊಳ್ಳಬೇಡಿ. ವೈದ್ಯಕೀಯದಲ್ಲಿ ಅನರ್ಹರಾದವರಿಗೆ ಬೇರೆ ಹುದ್ದೆ ಕೊಡುವ ಏರ್ಪಾಡೂ ಇಲ್ಲ.

ಕಣ್ಣು ಕೈಕೊಟ್ಟರೆ ಆ ದಿನವೇ ದಾರಿ ಬದಲಿಸಿ. ಕನ್ನಡಕ ಇರುವವರಿಗೆ ಗುಮಾಸ್ತ ಹುದ್ದೆಗಳಿವೆ, ಕಾರ್ಯಾಗಾರದ ಹಲವು ತಂತ್ರಜ್ಞ ಹುದ್ದೆಗಳಿವೆ. ಸ್ಟೇಷನ್ ಮಾಸ್ಟರ್ ಹುದ್ದೆಗೆ ಎ-2 ದರ್ಜೆ ಬೇಕು. ಅದರಲ್ಲಿ ಕನ್ನಡಕವಿಲ್ಲದೆ 6/9 ಇದ್ದರೆ ಸಾಕು. ವೇತನ ಹಂತ 1ರ ಹುದ್ದೆಗಳಿಗೆ (ಹಳಬರು ಇಂದಿಗೂ ಗ್ರೂಪ್ ಡಿ ಎನ್ನುತ್ತಾರೆ) ದೈಹಿಕ ಪರೀಕ್ಷೆ ಇದೆ: ಗಂಡಸರು 35 ಕೆ.ಜಿ. ಭಾರವನ್ನು ಕೆಳಗಿಡದೆ 2 ನಿಮಿಷದಲ್ಲಿ 100 ಮೀಟರ್ ಒಯ್ಯಬೇಕು, 1,000 ಮೀಟರನ್ನು 4 ನಿಮಿಷ 15 ಸೆಕೆಂಡಿನಲ್ಲಿ ಓಡಬೇಕು. ಹೆಂಗಸರಿಗೆ ಭಾರ 20 ಕೆ.ಜಿ., ಓಟಕ್ಕೆ 5 ನಿಮಿಷ 40 ಸೆಕೆಂಡು. ಎರಡಕ್ಕೂ ಒಂದೇ ಅವಕಾಶ.

ಹಂತ 2: ನಿಮ್ಮ ಟ್ರೇಡ್ ಪಟ್ಟಿಯಲ್ಲಿದೆಯೇ?

ಎಸ್ಸೆಸ್ಸೆಲ್ಸಿ ಜೊತೆಗೆ ಎನ್‌ಸಿವಿಟಿ ಅಥವಾ ಎಸ್‌ಸಿವಿಟಿ (ವೃತ್ತಿ ತರಬೇತಿಯ ರಾಷ್ಟ್ರೀಯ, ರಾಜ್ಯ ಮಂಡಳಿಗಳು) ಮಾನ್ಯತೆಯ ಐಟಿಐ ಬೇಕು. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ಮೆಷಿನಿಸ್ಟ್, ವೈರ್‌ಮನ್, ಡೀಸೆಲ್ ಮೆಕ್ಯಾನಿಕ್, ಮೋಟಾರು ವಾಹನ ಮೆಕ್ಯಾನಿಕ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಮುಂತಾದ ಟ್ರೇಡ್‌ಗಳು ಪಟ್ಟಿಯಲ್ಲಿವೆ. ಕಂಪ್ಯೂಟರ್ ಆಪರೇಟರ್ ಟ್ರೇಡ್ ಇಲ್ಲ, ವೆಲ್ಡರ್ ಇಲ್ಲ. ಐಟಿಐ ಬದಲು ಡಿಪ್ಲೊಮಾ ಆದರೂ ನಡೆಯುತ್ತದೆ, ಆದರೆ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಇಲ್ಲವೇ ಆಟೊಮೊಬೈಲ್ ಆಗಿರಬೇಕು. ಸಿವಿಲ್ ಮತ್ತು ಕಂಪ್ಯೂಟರ್ ಸೈನ್ಸ್ ಓದಿದವರು ಇಲ್ಲಿ ಸಲ್ಲುವುದಿಲ್ಲ.

ಪಿಯುಸಿ ವಿಜ್ಞಾನದಲ್ಲಿ ತೊಂಬತ್ತು ಶೇಕಡಾ ಇದ್ದರೂ ಅದೊಂದರಿಂದ ಎಎಲ್‌ಪಿ ಅರ್ಹತೆ ಬರುವುದಿಲ್ಲ. ಹಳ್ಳಿಗಳಲ್ಲಿ ಈ ತಪ್ಪು ತಿಳಿವಳಿಕೆ ಎಷ್ಟು ಗಟ್ಟಿಯೆಂದರೆ, ಅಪ್ಪ ಅಮ್ಮಂದಿರಿಗೆ ಅಧಿಸೂಚನೆಯ ಪುಟ ತೆರೆದು ತೋರಿಸಿದ ಮೇಲೂ ನಂಬುವುದಿಲ್ಲ. ಕೊನೆಯ ವರ್ಷದ ಫಲಿತಾಂಶಕ್ಕೆ ಕಾಯುತ್ತಿರುವವರೂ ಅರ್ಜಿ ಹಾಕುವಂತಿಲ್ಲ. ಅರ್ಜಿಯ ಕೊನೆಯ ದಿನಕ್ಕೆ ಅರ್ಹತೆ ಕೈಯಲ್ಲಿರಬೇಕು.

ವಯಸ್ಸು ಸಾಮಾನ್ಯವಾಗಿ 18ರಿಂದ 30. ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ 3 ವರ್ಷ, ಪರಿಶಿಷ್ಟರಿಗೆ 5 ವರ್ಷ ಸಡಿಲಿಕೆ.

ಐಟಿಐ ಮುಗಿಸಿ ಖಾಲಿ ಕುಳಿತವರಿಗೆ ಒಂದು ಪಕ್ಕದ ದಾರಿ ಇದೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಅಲ್ಲಿನ ರೈಲ್ವೆ ನೇಮಕಾತಿ ಕೋಶವು ಹುಬ್ಬಳ್ಳಿ ಮತ್ತು ಮೈಸೂರು ಕಾರ್ಯಾಗಾರಗಳು ಹಾಗೂ ವಿಭಾಗಗಳಿಗೆ ಅಪ್ರೆಂಟಿಸ್‌ಗಳನ್ನು ಕರೆಯುತ್ತದೆ. ಪರೀಕ್ಷೆ ಇರುವುದಿಲ್ಲ, ಹತ್ತನೆಯ ತರಗತಿ ಮತ್ತು ಐಟಿಐ ಅಂಕಗಳ ಸರಾಸರಿಯ ಮೇಲೆ ಆಯ್ಕೆ. ಅದು ಕಾಯಂ ನೌಕರಿಯ ಭರವಸೆ ಕೊಡುವುದಿಲ್ಲ. ಆದರೆ ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿ ಪ್ರಮಾಣಪತ್ರ ಪಡೆದವರಿಗೆ ವೇತನ ಹಂತ 1ರ ನೇಮಕಾತಿಯಲ್ಲಿ ಶೇ. 20ರಷ್ಟು ಸ್ಥಾನ ಮೀಸಲಿದೆ. ಒಂದು ವರ್ಷ ಲೇತ್ ಯಂತ್ರದ ಮುಂದೆ ನಿಂತರೆ ಎಎಲ್‌ಪಿಯ ಎರಡನೆಯ ಕಂಪ್ಯೂಟರ್ ಪರೀಕ್ಷೆಯಾದ ಸಿಬಿಟಿ-2ರ ಟ್ರೇಡ್ ಪ್ರಶ್ನೆಗಳೂ ಸಲೀಸಾಗುತ್ತವೆ.

ಹಂತ 3: ಕಾಗದಗಳ ಹೆಸರು ಹೊಂದಿಸಿ

ಅಧಿಸೂಚನೆ ಬರುವ ಮೊದಲೇ ಮಾಡಬೇಕಾದ ಕೆಲಸ ಇದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಕಾರ್ಡ್ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಇಂಗ್ಲಿಷ್ ಅಕ್ಷರ ಅಕ್ಷರ ಹೋಲಿಸಿ. ನಮ್ಮ ಕಡೆ ಇನಿಷಿಯಲ್ ಎಂಬುದೇ ಒಂದು ಕಂಟಕ. ಅಂಕಪಟ್ಟಿಯಲ್ಲಿ "ಮಂಜುನಾಥ ಬಿ", ಆಧಾರ್‌ನಲ್ಲಿ "ಮಂಜುನಾಥ್ ಬಸಪ್ಪ". ಒಂದರಲ್ಲಿ ಕೊನೆಗೆ ಎ ಅಕ್ಷರ ಇದೆ, ಇನ್ನೊಂದರಲ್ಲಿ ಇಲ್ಲ. ಜನ್ಮದಿನಾಂಕವೂ ಕೆಲವೊಮ್ಮೆ ಬೇರೆ ಇರುತ್ತದೆ. ರೈಲ್ವೆಗೆ ಅಂಕಪಟ್ಟಿಯೇ ಆಧಾರ. ಆದ್ದರಿಂದ ಅಂಕಪಟ್ಟಿಗೆ ತಕ್ಕಂತೆ ಆಧಾರ್ ತಿದ್ದಿಸಿ.

ಮುಂದಿನದು ಜಾತಿ ಪ್ರಮಾಣಪತ್ರ. ಕರ್ನಾಟಕದ ಪ್ರವರ್ಗ 1, 2ಎ, 2ಬಿ, 3ಎ, 3ಬಿ ವಿಂಗಡಣೆ ರೈಲ್ವೆಗೆ ಲೆಕ್ಕಕ್ಕಿಲ್ಲ. ಅಲ್ಲಿ ನಡೆಯುವುದು ಕೇಂದ್ರ ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿ. ರಾಜ್ಯದ ಪಟ್ಟಿಯಲ್ಲಿದ್ದೂ ಕೇಂದ್ರದ ಪಟ್ಟಿಯಲ್ಲಿ ಇಲ್ಲದ ಸಮುದಾಯಗಳಿವೆ. ಮೊದಲು ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿಯ ಹೆಸರು ಹುಡುಕಿ. ಇದ್ದರೆ ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗ "ಕೇಂದ್ರ ಸರ್ಕಾರದ ಉದ್ಯೋಗಕ್ಕೆ ಬೇಕಾದ ಒಬಿಸಿ ಪ್ರಮಾಣಪತ್ರ" ಎಂದು ಬಿಡಿಸಿ ಹೇಳಿ. ಮಕ್ಕಳ ಕಾಲೇಜು ಪ್ರವೇಶಕ್ಕೆ ಕೊಡುವ ಜಾತಿ ಮತ್ತು ಆದಾಯ ಪತ್ರ ಇದಕ್ಕೆ ಆಗದು. ಕೈಗೆ ಬಂದ ಮೇಲೆ ಕೆನೆಪದರಕ್ಕೆ ಸೇರಿಲ್ಲ ಎಂಬ ಸಾಲು ಅದರಲ್ಲಿದೆಯೇ ಎಂದು ಓದಿ ನೋಡಿ. ಅಧಿಸೂಚನೆಯ ಕೊನೆಯಲ್ಲಿ ನಮೂನೆ ಇರುತ್ತದೆ. ಅದನ್ನು ಮುದ್ರಿಸಿಕೊಂಡು ಹೋದರೆ ಗುಮಾಸ್ತರಿಗೂ ಅನುಕೂಲ, ನಿಮಗೂ.

ಕೇಂದ್ರದ ಪಟ್ಟಿಯಲ್ಲಿ ಹೆಸರಿಲ್ಲದವರು ಆರ್ಥಿಕವಾಗಿ ದುರ್ಬಲ ವರ್ಗದ ಮೀಸಲಾತಿಗೆ ಅರ್ಹರೇ ನೋಡಿಕೊಳ್ಳಬೇಕು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರಬೇಕು, ಕೃಷಿಭೂಮಿ 5 ಎಕರೆ ಮುಟ್ಟಬಾರದು. ಈ ಪತ್ರ ಆಯಾ ಹಣಕಾಸು ವರ್ಷಕ್ಕೆ ಸಂಬಂಧಿಸಿದ್ದು. ಹೋದ ವರ್ಷದ್ದನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡರೆ ಪ್ರಯೋಜನವಿಲ್ಲ.

ಹಂತ 4: ಅರ್ಜಿ, ಒಂದೇ ಒಂದು

2024ರಲ್ಲಿ ರೈಲ್ವೆ ಮಂಡಳಿ ವಾರ್ಷಿಕ ವೇಳಾಪಟ್ಟಿ ಪ್ರಕಟಿಸಿತು. ಅದರಂತೆ ಎಎಲ್‌ಪಿ ವರ್ಷದ ಆರಂಭಕ್ಕೆ, ತಂತ್ರಜ್ಞ ಹುದ್ದೆಗಳು ಅದರ ನಂತರ, ಎನ್‌ಟಿಪಿಸಿ (ಗುಮಾಸ್ತ, ಸ್ಟೇಷನ್ ಮಾಸ್ಟರ್‌ನಂಥ ತಾಂತ್ರಿಕವಲ್ಲದ ಹುದ್ದೆಗಳು) ಮಳೆಗಾಲಕ್ಕೆ, ವೇತನ ಹಂತ 1ರ ಹುದ್ದೆಗಳು ವರ್ಷದ ಕೊನೆಗೆ. ದಿನಾಂಕಗಳು ಹಿಂದೆ ಮುಂದೆ ಆಗುತ್ತವೆ, ಆದರೆ ಯಾವಾಗ ಕಣ್ಣಿಡಬೇಕು ಎಂದು ತಿಳಿಯಲು ಇಷ್ಟು ಸಾಕು. ಅಧಿಸೂಚನೆಯನ್ನು ರೈಲ್ವೆ ನೇಮಕಾತಿ ಮಂಡಳಿಯ, ಅಂದರೆ ಆರ್‌ಆರ್‌ಬಿ ಬೆಂಗಳೂರು ತಾಣದಲ್ಲೇ ಓದಿ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರದಲ್ಲಿ ಬೇಡ.

1. ಖಾತೆ ತೆರೆಯುವಾಗ ಹೆಸರು, ಜನ್ಮದಿನಾಂಕ, ಮೊಬೈಲ್ ಸಂಖ್ಯೆ, ಇಮೇಲ್‌ಗಳನ್ನು ಎರಡು ಸಲ ನೋಡಿ. ಖಾತೆಯ ವಿವರಗಳನ್ನೂ ಆರಿಸಿದ ಆರ್‌ಆರ್‌ಬಿಯನ್ನೂ ಮುಂದೆ ತಿದ್ದಲಾಗದು. ಉಳಿದವನ್ನು ತಿದ್ದಲು ಪ್ರತಿ ಸಲ 250 ರೂಪಾಯಿ.
2. ಸೈಬರ್ ಅಂಗಡಿಯವರ ಮೊಬೈಲ್ ಸಂಖ್ಯೆ ಕೊಡಬೇಡಿ. ಎರಡು ವರ್ಷ ಎಲ್ಲ ಸಂದೇಶಗಳೂ ಆ ಸಂಖ್ಯೆಗೇ ಬರುತ್ತವೆ, ಅಷ್ಟರಲ್ಲಿ ಅಂಗಡಿಯೇ ಮುಚ್ಚಿರಬಹುದು.
3. ಪರೀಕ್ಷೆಯ ಭಾಷೆ "ಕನ್ನಡ" ಎಂದು ಆರಿಸಿ. ಏನೂ ಆರಿಸದಿದ್ದರೆ ಇಂಗ್ಲಿಷ್ ಬರುತ್ತದೆ.
4. ಶುಲ್ಕ 500 ರೂಪಾಯಿ. ಮೊದಲ ಪರೀಕ್ಷೆಗೆ ಹಾಜರಾದರೆ 400 ಮರಳುತ್ತದೆ. ಪರಿಶಿಷ್ಟರು, ಮಹಿಳೆಯರು, ಮಾಜಿ ಸೈನಿಕರು, ಅಲ್ಪಸಂಖ್ಯಾತರಿಗೆ 250, ಹಾಜರಾದವರಿಗೆ ಬ್ಯಾಂಕ್ ಶುಲ್ಕ ಕಳೆದು ಅಷ್ಟೂ ವಾಪಸು. ಹಣ ಮರಳಬೇಕಾದ ಬ್ಯಾಂಕ್ ಖಾತೆ ನಿಮ್ಮದೇ ಇರಲಿ.

ಯಾವ ಆರ್‌ಆರ್‌ಬಿ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಸ್ಪಷ್ಟ: ಹೆಚ್ಚು ಹುದ್ದೆ ಇದೆಯೆಂದು ದೂರದ ಮಂಡಳಿಗೆ ಹಾರಬೇಡಿ. ಆರಿಸಿದ ವಲಯದಲ್ಲೇ ಕೆಲಸ ಮಾಡಬೇಕು, ವರ್ಗಾವಣೆಗೆ ವರ್ಷಗಟ್ಟಲೆ ಕಾಯಬೇಕು. ಇನ್ನು ಎರಡು ಮಂಡಳಿಗೆ ಎರಡು ಅರ್ಜಿ ಹಾಕುವ ಜಾಣತನ ತೋರಿಸಿದರೆ ಎರಡೂ ತಿರಸ್ಕೃತವಾಗುತ್ತವೆ.

ಹಂತ 5: ಸಿಬಿಟಿ-1, ಜರಡಿ ಹಿಡಿಯುವ ಪರೀಕ್ಷೆ

75 ಪ್ರಶ್ನೆ, 60 ನಿಮಿಷ. ಗಣಿತ 20, ತಾರ್ಕಿಕ ಸಾಮರ್ಥ್ಯ 25, ಸಾಮಾನ್ಯ ವಿಜ್ಞಾನ 20, ಸಾಮಾನ್ಯ ಜ್ಞಾನ 10. ಒಂದು ಪ್ರಶ್ನೆಗೆ 48 ಸೆಕೆಂಡು ಸಿಗುತ್ತದೆ. ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಡಿತ. ಈ ಅಂಕಗಳು ಮುಂದಿನ ಹಂತಕ್ಕೆ ಹುದ್ದೆಗಳ 15 ಪಟ್ಟು ಜನರನ್ನು ಆರಿಸಲು ಮಾತ್ರ. ಅಂತಿಮ ಪಟ್ಟಿಗೆ ಸೇರುವುದಿಲ್ಲ.

ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ ಹಿಡಿದು ಕುಳಿತವರನ್ನು ಕಂಡರೆ ನನಗೆ ಕನಿಕರವಾಗುತ್ತದೆ. ಹತ್ತು ಪ್ರಶ್ನೆಗೆ ಆರು ತಿಂಗಳು! ಆ ಸಮಯವನ್ನು ಗಣಿತ ಮತ್ತು ತರ್ಕಕ್ಕೆ ಕೊಡಿ. ವಿಜ್ಞಾನಕ್ಕೆ ಹತ್ತನೆಯ ತರಗತಿಯ ಪಠ್ಯಪುಸ್ತಕ ಸಾಕು.

ಪ್ರಶ್ನೆಗಳು ಕಷ್ಟವಿರುವುದಿಲ್ಲ, ಆದರೆ ಬಲೆ ಹಾಕಿರುತ್ತವೆ. ಒಂದು ಮಾದರಿ ನೋಡಿ: 150 ಮೀಟರ್ ಉದ್ದದ ರೈಲು ಗಂಟೆಗೆ 54 ಕಿ.ಮೀ. ವೇಗದಲ್ಲಿ 300 ಮೀಟರ್ ಸೇತುವೆ ದಾಟಲು ಎಷ್ಟು ಸೆಕೆಂಡು? 54ನ್ನು 5/18ರಿಂದ ಗುಣಿಸಿದರೆ ಸೆಕೆಂಡಿಗೆ 15 ಮೀಟರ್. ಅವಸರದವರು 300ನ್ನು 15ರಿಂದ ಭಾಗಿಸಿ 20 ಎಂದು ಒತ್ತುತ್ತಾರೆ, ಆ 20 ಆಯ್ಕೆಗಳಲ್ಲಿ ಇದ್ದೇ ಇರುತ್ತದೆ. ರೈಲಿನ ಬಾಲವೂ ಸೇತುವೆ ದಾಟಬೇಕಲ್ಲ! 450ನ್ನು ಭಾಗಿಸಬೇಕು, ಉತ್ತರ 30. ಅಣಕು ಪರೀಕ್ಷೆ ಬರೆದ ಮೇಲೆ ಅಂಕ ಎಣಿಸುವುದನ್ನು ಬಿಟ್ಟು ಇಂಥ ತಪ್ಪುಗಳನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಎಚ್ಚರಿಕೆಯ ಗುರುತು: ಮನೆಯಲ್ಲಿ ಕಾಗದದ ಮೇಲೆ 60 ಅಂಕ, ಕಂಪ್ಯೂಟರ್ ಮುಂದೆ 40. ಹಾಗಾದರೆ ಕೊರತೆ ಪರದೆಯ ಅಭ್ಯಾಸದ್ದು. ವಾರಕ್ಕೆರಡು ಅಣಕು ಪರೀಕ್ಷೆಯನ್ನು ಕಂಪ್ಯೂಟರಿನಲ್ಲೇ ಬರೆಯಿರಿ. ಕನ್ನಡ ಅನುವಾದ ಗೊಂದಲ ಹುಟ್ಟಿಸಿದರೆ ಇಂಗ್ಲಿಷ್ ರೂಪವೇ ಅಂತಿಮ ಎಂಬುದು ನಿಯಮ. ಕರ್ಷಣ, ಪ್ರತಿರೋಧ, ವಿಭವಾಂತರದಂಥ ಐವತ್ತು ಅರವತ್ತು ಪದಗಳ ಇಂಗ್ಲಿಷ್ ರೂಪ ಗೊತ್ತಿರಲಿ.

ಪರೀಕ್ಷಾ ಕೇಂದ್ರ ಬೇರೆ ರಾಜ್ಯದಲ್ಲೂ ಬೀಳಬಹುದು. ಊರಿನ ಹೆಸರು ಸುಮಾರು ಹತ್ತು ದಿನ ಮೊದಲು, ಪ್ರವೇಶಪತ್ರ ನಾಲ್ಕು ದಿನ ಮೊದಲು ತಾಣದಲ್ಲಿ ಬರುತ್ತದೆ. ಪರಿಶಿಷ್ಟರಿಗೆ ಉಚಿತ ರೈಲು ಪ್ರಯಾಣದ ಸೌಲಭ್ಯ ಇದೆ, ಅರ್ಜಿಯಲ್ಲೇ ಕೇಳಿರಬೇಕು.

ಹಂತ 6: ಸಿಬಿಟಿ-2, ಎರಡು ಭಾಗ

ಭಾಗ ಎ: 100 ಪ್ರಶ್ನೆ, 90 ನಿಮಿಷ. ಗಣಿತ ಮತ್ತು ತರ್ಕದ ಜೊತೆ ಮೂಲ ವಿಜ್ಞಾನ ಹಾಗೂ ಎಂಜಿನಿಯರಿಂಗ್ ಸೇರುತ್ತದೆ: ರೇಖಾಚಿತ್ರ, ಅಳತೆಗಳು, ಸನ್ನೆಗೋಲು, ವಿದ್ಯುತ್, ಶಾಖ. ಅಂತಿಮ ಪಟ್ಟಿಯ ಶೇ. 70 ತೂಕ ಈ ಭಾಗದ್ದು.

ಭಾಗ ಬಿ: ನಿಮ್ಮ ಟ್ರೇಡ್‌ನ 75 ಪ್ರಶ್ನೆ, 60 ನಿಮಿಷ. ಶೇ. 35 ತೆಗೆದರೆ ಸಾಕು, ಆದರೆ ಎಲ್ಲ ವರ್ಗದವರಿಗೂ ಅದೇ ಗೆರೆ, ಸಡಿಲಿಕೆ ಇಲ್ಲ. ಬರಿಯ ಅರ್ಹತೆಯ ಭಾಗ ತಾನೇ ಎಂದು ಅಸಡ್ಡೆ ಮಾಡಿದವರು ಭಾಗ ಎಯಲ್ಲಿ ಎಷ್ಟೇ ಅಂಕ ತೆಗೆದರೂ ಉಳಿಯುವುದಿಲ್ಲ. ಡಿಪ್ಲೊಮಾದವರು ಹೆಚ್ಚು ಬೀಳುವುದು ಇಲ್ಲಿ, ಏಕೆಂದರೆ ಅವರು ತಮ್ಮ ವಿಭಾಗಕ್ಕೆ ಹೊಂದುವ ಐಟಿಐ ಟ್ರೇಡ್ ಒಂದನ್ನು ಆರಿಸಿ ಅದರಲ್ಲಿ ಬರೆಯಬೇಕು. ಪರಿಚಯದ ಐಟಿಐ ವಿದ್ಯಾರ್ಥಿಯಿಂದ ಟ್ರೇಡ್ ಥಿಯರಿ ಪುಸ್ತಕ ಎರವಲು ತನ್ನಿ. ಸಿಬಿಟಿ-1 ಮುಗಿದ ಮರುದಿನವೇ ಆರಂಭಿಸಿ.

ಹಂತ 7: ಸಿಬಿಎಟಿ, ಓದಿ ಗೆಲ್ಲಲಾಗದ ಪರೀಕ್ಷೆ

ಸಿಬಿಎಟಿ ಎಂದರೆ ಕಂಪ್ಯೂಟರಿನಲ್ಲಿ ನಡೆಯುವ ಸಹಜ ಸಾಮರ್ಥ್ಯದ ಪರೀಕ್ಷೆ. ಹುದ್ದೆಗಳ ಎಂಟು ಪಟ್ಟು ಜನರನ್ನು ಇದಕ್ಕೆ ಕರೆಯುತ್ತಾರೆ. ಐದು ಪರೀಕ್ಷೆಗಳಿವೆ: ನೆನಪಿನ ಶಕ್ತಿ, ಸೂಚನೆ ಪಾಲನೆ, ಆಳದ ಗ್ರಹಿಕೆ, ಏಕಾಗ್ರತೆ, ಗ್ರಹಿಕೆಯ ವೇಗ. ಆಳದ ಗ್ರಹಿಕೆಯಲ್ಲಿ ಒಂದರ ಮೇಲೊಂದು ಪೇರಿಸಿದ ಇಟ್ಟಿಗೆಗಳ ಚಿತ್ರ ಕೊಟ್ಟು, ಗುರುತು ಮಾಡಿದ ಇಟ್ಟಿಗೆಗೆ ಎಷ್ಟು ಇಟ್ಟಿಗೆ ತಾಗಿವೆ ಎಂದು ಕೇಳುತ್ತಾರೆ. ಮರೆಯಲ್ಲಿರುವ ಇಟ್ಟಿಗೆಯನ್ನೂ ಮನಸ್ಸಿನಲ್ಲೇ ಕಾಣಬೇಕು.

ಪ್ರತಿಯೊಂದರಲ್ಲೂ ಟಿ-ಅಂಕ 42 ಬೇಕು. ನಾಲ್ಕರಲ್ಲಿ 70 ಬಂದು ಒಂದರಲ್ಲಿ 41 ಬಂದರೆ ಹೊರಗೆ. ಟಿ-ಅಂಕವೆಂದರೆ ಸರಿಯುತ್ತರಗಳ ಎಣಿಕೆಯಲ್ಲ. ಸರಾಸರಿಯನ್ನು 50 ಎಂದಿಟ್ಟು ನೀವು ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಅಳೆಯುವ ಲೆಕ್ಕ. ತಪ್ಪಿಗೆ ಕಡಿತವಿಲ್ಲ, ಆದ್ದರಿಂದ ಖಾಲಿ ಬಿಡಬೇಡಿ. ಅಂತಿಮ ಪಟ್ಟಿಯಲ್ಲಿ ಇದರ ತೂಕ ಶೇ. 30.

ಎರಡು ಎಚ್ಚರಿಕೆ. ಇದು ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ ನಡೆಯುತ್ತದೆ, ಕನ್ನಡ ಇಲ್ಲ. ರೈಲ್ವೆಯ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ತನ್ನ ತಾಣದಲ್ಲಿ ಮಾದರಿ ಪ್ರಶ್ನೆಗಳನ್ನು ಇಟ್ಟಿದೆ. ಅವುಗಳ ಸೂಚನಾ ವಾಕ್ಯಗಳನ್ನು ಓದಿ ರೂಢಿ ಮಾಡಿಕೊಳ್ಳಿ. ಎರಡನೆಯದಾಗಿ, ನಿಗದಿತ ನಮೂನೆಯ ದೃಷ್ಟಿ ಪ್ರಮಾಣಪತ್ರದ ಮೂಲ ಪ್ರತಿ ಇಲ್ಲದಿದ್ದರೆ ಪರೀಕ್ಷಾ ಕೊಠಡಿಯೊಳಗೆ ಬಿಡುವುದಿಲ್ಲ.

ಹಂತ 8: ದಲ್ಲಾಳಿಯನ್ನು ಗುರುತಿಸಿ

ಫಲಿತಾಂಶಕ್ಕೂ ನೇಮಕಾತಿಗೂ ನಡುವಿನ ತಿಂಗಳುಗಳಲ್ಲಿ ಫೋನು ಬರುತ್ತದೆ. "ಹುಬ್ಬಳ್ಳಿಯಲ್ಲಿ ನಮ್ಮವರಿದ್ದಾರೆ, ಮೆಡಿಕಲ್ ನೋಡಿಕೊಳ್ಳುತ್ತಾರೆ" ಎಂಬ ಮಾತು ಶುರುವಾದರೆ ಫೋನು ಇಡಿ.

2022ರ ಡಿಸೆಂಬರಿನಲ್ಲಿ ಬಯಲಾದ ಪ್ರಕರಣವೊಂದನ್ನು ನನ್ನ ಬಳಿ ಬರುವ ಎಲ್ಲರಿಗೂ ಹೇಳುತ್ತೇನೆ. ತಮಿಳುನಾಡಿನ 28 ಮಂದಿಯನ್ನು ಹೊಸದಿಲ್ಲಿ ನಿಲ್ದಾಣದಲ್ಲಿ ಸುಮಾರು ಒಂದು ತಿಂಗಳು, ದಿನಕ್ಕೆ ಎಂಟು ಗಂಟೆ, ಬಂದು ಹೋಗುವ ರೈಲುಗಳನ್ನೂ ಬೋಗಿಗಳನ್ನೂ ಎಣಿಸಲು ಕೂರಿಸಿದ್ದರು. ಇದೇ ತರಬೇತಿ ಎಂದು ಅವರು ನಂಬಿದ್ದರು. ಎಲ್ಲರಿಂದ ಕಿತ್ತ ಮೊತ್ತ 2.67 ಕೋಟಿ ರೂಪಾಯಿ.

ಗುರುತುಗಳು ಸರಳ. ಪರೀಕ್ಷೆ ಇಲ್ಲದೆ ಕಾಯಂ ಹುದ್ದೆ ಎನ್ನುತ್ತಾರೆ, ವೈಯಕ್ತಿಕ ಖಾತೆಗೆ ಹಣ ಕೇಳುತ್ತಾರೆ, ಮೂಲ ಅಂಕಪಟ್ಟಿ "ಇಟ್ಟುಕೊಳ್ಳುತ್ತೇವೆ" ಎನ್ನುತ್ತಾರೆ, ತಾಣದ ವಿಳಾಸ ಸರ್ಕಾರದ ಜಿಒವಿ ಡಾಟ್ ಇನ್ ಎಂದು ಮುಗಿಯುವುದಿಲ್ಲ.

ಹಂತ 9: ದಾಖಲೆ ಪರಿಶೀಲನೆ, ತಪಾಸಣೆ, ಕೆಲಸ

ಎಲ್ಲ ಮೂಲ ಪತ್ರಗಳು, ಎರಡೆರಡು ಜೆರಾಕ್ಸ್, ಅರ್ಜಿಗೆ ಹಾಕಿದ ಅದೇ ಭಾವಚಿತ್ರದ ಪ್ರತಿಗಳು. ಅರ್ಜಿಯ ದಿನವೇ ಹತ್ತು ಪ್ರತಿ ಮುದ್ರಿಸಿ ಒಂದು ಲಕೋಟೆಯಲ್ಲಿ ಹಾಕಿಟ್ಟಿದ್ದರೆ ಇಂದು ಓಡಾಟ ತಪ್ಪುತ್ತದೆ. ತಪಾಸಣೆಯ ಹಿಂದಿನ ರಾತ್ರಿ ಮೊಬೈಲ್ ಬದಿಗಿಟ್ಟು ನಿದ್ದೆ ಮಾಡಿ. ದಣಿದ ಕಣ್ಣಿನೊಂದಿಗೆ ಬಸ್ಸಿನಿಂದ ನೇರವಾಗಿ ಆಸ್ಪತ್ರೆಗೆ ಹೋಗಬೇಡಿ.

ನೇಮಕಾತಿ ಪತ್ರದ ನಂತರ ತರಬೇತಿ: ಎಂಜಿನ್‌ನ ಭಾಗಗಳು, ಬ್ರೇಕ್ ವ್ಯವಸ್ಥೆ, ಸಿಗ್ನಲ್, ಸಂಚಾರ ನಿಯಮಗಳು. ಕೊನೆಗೆ ಪರೀಕ್ಷೆ ಇದೆ, ಹಗುರಾಗಿ ತೆಗೆದುಕೊಳ್ಳಬೇಡಿ. ಆಮೇಲೆ ಲೋಕೋ ಪೈಲಟ್ ಪಕ್ಕದ ಆಸನ. ರೈಲು ಸಿಬ್ಬಂದಿ ಹಾಜರಾತಿ ಹಾಕುವ ಕ್ರೂ ಲಾಬಿಗೆ ಹೋಗಿ ಉಸಿರಿನ ಪರೀಕ್ಷೆ ಕೊಟ್ಟು ಸಹಿ ಹಾಕಿದರೆ ಪಾಳಿ ಶುರು. ರಾತ್ರಿ ಎರಡು ಗಂಟೆಯಾದರೂ ಮುಂದೆ ಕಾಣುವ ಪ್ರತಿ ಸಿಗ್ನಲಿನ ಬಣ್ಣವನ್ನು ಬಾಯಿಬಿಟ್ಟು ಹೇಳಬೇಕು, ಪೈಲಟ್ ಅದನ್ನು ಮತ್ತೆ ಹೇಳುತ್ತಾರೆ. ಹಬ್ಬದ ದಿನ ಬೇರೆ ಊರಿನ ರನ್ನಿಂಗ್ ರೂಮಿನಲ್ಲಿ (ಸಿಬ್ಬಂದಿಯ ವಿಶ್ರಾಂತಿ ಗೃಹ) ಮಲಗಿರುವುದು ಮಾಮೂಲು. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ. ಕಣ್ಣಿನ ತಪಾಸಣೆಯೂ ಮುಗಿಯುವುದಿಲ್ಲ: 45 ವರ್ಷದವರೆಗೆ ನಾಲ್ಕು ವರ್ಷಕ್ಕೊಮ್ಮೆ, 55ರವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ನಿವೃತ್ತಿಯವರೆಗೂ ಪ್ರತಿ ವರ್ಷ.